ಮಂತ್ರಿ ನೋಡ್ಕಳ್ರಿ

ನಮ್ಮ ಸೋದರಮಾವನಷ್ಟು ಚೆಸ್ ಪಂದ್ಯ ಆಡಿದವರು ಭಾನುವಳ್ಳಿಯಲ್ಲಿ ಯಾರೂ ಇಲ್ಲ. ಅವರಷ್ಟು ಸೋತವರು ಇಡೀ ಹರಿಹರ ತಾಲ್ಲೂಕಿನಲ್ಲೇ ಇರಲಿಕ್ಕಿಲ್ಲ!

ಕಣ್ಣು ಮುಚ್ಚುವುದರೊಳಗೆ ಟೂರ್ನಮೆಂಟಿನಲ್ಲಿ ಒಂದೇ ಒಂದು ಆಟ ಗೆಲ್ಲಬೇಕೆಂಬುದು ಮಾವನ ಆಸೆ. ದೊಡ್ಡ ಆಸೆಯೇನಲ್ಲ, ಸ್ವಾಮಿ. ಅಡ್ಡ ಬರುವುದು ಅವರ ಮರ್ಯಾದೆ! ಮದುವೆಯಾದ ಹೊಸತರಲ್ಲಿ ಅತ್ತೆ ಮಾವನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಕಲಿಸಿದ ಆಟ ಅದು. ಎದುರಿನವರ ಮಂತ್ರಿಗೆ ಗುರಿಯಿಟ್ಟರೆ ಬಾಯಿಬಿಟ್ಟು ಹೇಳಬೇಕು. ಹೇಳದೆ ಹೊಡೆದರೆ ಅವರಿಬ್ಬರ ಪ್ರಕಾರ ಕಳ್ಳತನ. ಹಿಂದೊಮ್ಮೆ ಎದುರಾಳಿ ತನ್ನ ನಡೆ ಮುಗಿಸಿ ಪಂದ್ಯದ ಗಡಿಯಾರ ಒತ್ತಲು ಮರೆತಾಗ, ಪಾಪ ಎಂದು ಮಾವನೇ ಒತ್ತಿಕೊಟ್ಟಿದ್ದರು. ತನ್ನ ಸಮಯ ತಾನೇ ಓಡಿಸಿಕೊಂಡು ಸೋತ ಭೂಪ ಇನ್ನೊಬ್ಬನುಂಟೇ?

ಹೋದ ತಿಂಗಳು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಪಂದ್ಯ. ಸ್ಕೂಟರಿನಲ್ಲಿ ಕರೆದೊಯ್ದವನು ನಾನು.

"ಮಾವ, ಇವತ್ತೊಂದಿನ ಬಾಯಿ ಬಿಡಬ್ಯಾಡ್ರಿ."

"ಹ್ಞೂಂ ಅಂದ್ನಲ್ಲೋ, ಯಾಕ ಅದನ್ನೇ ಕುಟ್ತೀಯ?"

ಎದುರಿಗೆ ಕೂತದ್ದು ರಾಜ್ಯಮಟ್ಟದಲ್ಲಿ ಆಡುವ ಕಾಲೇಜು ಹುಡುಗಿ. ಮಾವ ಮಂಡಕ್ಕಿ ಮೆಣಸಿನಕಾಯಿ ತಿಂದ ಕೈ ಒರೆಸಿಕೊಂಡು, ತಮ್ಮ ಕುದುರೆಯ ಬೆನ್ನು ಸವರಿ ಶುರು ಮಾಡಿದರು. ಹುಡುಗಿ ಪಟಪಟನೆ ಆಡುತ್ತಾ, ಮಧ್ಯೆ ಪಕ್ಕದ ಆಟವನ್ನೂ ನೋಡುತ್ತಿದ್ದಳು. ಆಗಲೇ ಮಾವ ಕುದುರೆ ಹಾರಿಸಿ ಅವಳ ಮಂತ್ರಿಗೆ ಗುರಿಯಿಟ್ಟರು. ಅವಳಿಗದು ಕಾಣಲೇ ಇಲ್ಲ! ಬೇರೊಂದು ಕಾಯಿಗೆ ಕೈ ಚಾಚಿದಳು. ದೂರದಲ್ಲಿದ್ದ ನಾನು ತುದಿಗಾಲಲ್ಲಿ ನಿಂತೆ. ಇಷ್ಟು ವರ್ಷದ ಆಸೆ ಇನ್ನೇನು ಕೈಗೆ ಸಿಕ್ಕಿತು ಅನ್ನುವಾಗ, ಮಾವನ ದನಿ ಕೇಳಿತು.

"ಮಂತ್ರಿ ನೋಡ್ಕಳವ್ವ."

ಚಾಚಿದ ಕೈ ಹಿಂದೆ ಹೋಯಿತು. ಮಂತ್ರಿ ಉಳಿಯಿತು, ಮಾವ ಸೋತರು. ಸಾಲದ್ದಕ್ಕೆ ತೀರ್ಪುಗಾರರು ಬಂದು, "ಆಟದಾಗ ಮಾತಾಡಂಗಿಲ್ರಿ ಯಜಮಾನ್ರೇ" ಎಂದು ಗದರಿಸಿ ಹೋದರು.

ಹೊರಗೆ ಬಂದದ್ದೇ ನಾನು ರೇಗಿದೆ. "ಗೆಲ್ಲೋ ಆಸೆ ಐತೋ ಇಲ್ಲೋ ನಿಮಗ?"

"ಐತಲ್ಲೋ. ಆದ್ರೆ ಆ ಹುಡುಗಿ ನೋಡಿರ್ಲಿಲ್ಲ, ಹೆಂಗೆ ಸುಮ್ನಿರ್ಲಿ?"

ಸಿಟ್ಟಿನ ಜೊತೆಗೇ ನನಗೆ ಹೆಮ್ಮೆಯೂ ಆಯಿತು.

ಅಷ್ಟರಲ್ಲಿ ಆ ಹುಡುಗಿಯೇ ಬೋರ್ಡು ಹಿಡಿದು ಬಂದಳು. "ನನ್ನ ಮುಂದಿನ ಆಟ ಇನ್ನೂ ತಡ ಐತ್ರಿ. ಸುಮ್ನೆ ಒಂದು ಆಡಣೇನ್ರಿ?"

ಮೆಟ್ಟಿಲ ಮೇಲೆಯೇ ಕೂತರು. ಸ್ವಲ್ಪ ಹೊತ್ತಿಗೆ ಹುಡುಗಿ ಒಂದು ಕಾಯಿ ಸರಿಸಿ, ಮೆಲ್ಲಗೆ ಹೇಳಿದಳು:

"ಅಜ್ಜಾರೇ, ಮಂತ್ರಿ ನೋಡ್ಕಳ್ರಿ."

ಮಾವ ಕಾಯಿ ಮುಟ್ಟಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತಲೇ ಇದ್ದರು. ಅತ್ತೆ ತೀರಿಕೊಂಡ ಮೇಲೆ ಅವರಿಗೆ ಆ ಮಾತು ಹೇಳಿದವರು ಯಾರೂ ಇರಲಿಲ್ಲ.