ನೀರಿಗಿಳಿದ ಹೊಟ್ಟೆ

ನನ್ನ ಹೊಟ್ಟೆ ನನ್ನ ಖಾಸಗಿ ವಿಷಯವಾಗಿತ್ತು. ಅದನ್ನು ಸಾರ್ವಜನಿಕ ಮಾಡಿದವಳು ನನ್ನ ಹೆಂಡತಿ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಏಕೆಂದರೆ ಅವಳು ಈ ಕಥೆ ಹೇಳುವಾಗ ತಪ್ಪನ್ನೆಲ್ಲ ಡಾಕ್ಟರ ಮೇಲೆ ಹಾಕುತ್ತಾಳೆ.

ನಾನು ದರ್ಜಿ. ಗಂಡಸರ ಬಟ್ಟೆ ಮಾತ್ರ ಹೊಲಿಯುತ್ತೇನೆ. ಮನೆಯ ಮುಂದಿನ ಕೋಣೆಯೇ ಅಂಗಡಿ, ಒಳಗಡೆ ಸಂಸಾರ, ನಡುವೆ ಒಂದು ಪರದೆ. ಪರದೆಯ ಈಚೆ ನಾನು ಮಾಲೀಕ. ಆಚೆ ಹೋದರೆ ಏನು ಎಂಬುದನ್ನು ಮದುವೆಯಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಗಿರಾಕಿಗಳು ನನ್ನ ಹತ್ತಿರ ಬರುವುದು ಬಟ್ಟೆ ಹೊಲಿಸಲು ಎಂದು ನೀವು ತಿಳಿದಿದ್ದರೆ ಅದು ಸರಿಯಲ್ಲ. ಬಟ್ಟೆಯನ್ನು ಯಾರು ಬೇಕಾದರೂ ಹೊಲಿದುಕೊಡುತ್ತಾರೆ. ನನ್ನ ಹತ್ತಿರ ಬರುವುದು ಮುಚ್ಚಿಸಿಕೊಳ್ಳಲು. ವಕೀಲರ ಎಡ ಭುಜ ಬಲ ಭುಜಕ್ಕಿಂತ ಒಂದು ಬೆರಳು ತಗ್ಗು. ಇಷ್ಟು ವರ್ಷ ವಾದ ಮಾಡಿದರೂ ಅದು ಎದುರು ಪಕ್ಷದವರ ಕಣ್ಣಿಗೆ ಬಿದ್ದಿಲ್ಲ, ಏಕೆಂದರೆ ಅವರ ಕರಿಕೋಟಿನ ಆ ಮಗ್ಗುಲಲ್ಲಿ ನಾನು ಹತ್ತಿ ತುಂಬಿದ್ದೇನೆ. ಹೆಡ್‌ಮೇಷ್ಟ್ರ ಪ್ಯಾಂಟಿನ ಸೊಂಟದೊಳಗೆ ಯಾರಿಗೂ ಕಾಣದ ಎಲಾಸ್ಟಿಕ್ ಇದೆ. ಅದು ಅವರ ಊಟಕ್ಕೆ ತಕ್ಕಂತೆ ಹಿಗ್ಗುತ್ತದೆ, ಅವರ ಗಾಂಭೀರ್ಯಕ್ಕೆ ತಕ್ಕಂತೆ ಕುಗ್ಗುತ್ತದೆ. ಇಂಥ ಎಷ್ಟೋ ಗುಟ್ಟುಗಳನ್ನು ನಾನು ಹೊಟ್ಟೆಯೊಳಗೆ ಹಾಕಿಕೊಂಡಿದ್ದೇನೆ. (ಜಾಗವೇನೋ ಬೇಕಾದಷ್ಟಿತ್ತು.)

ಈ ವಿದ್ಯೆಯ ಜಾಹೀರಾತು ನಾನೇ. ನನ್ನ ಅಂಗಿಯ ಮುಂಭಾಗವನ್ನು ಹಿಂಭಾಗಕ್ಕಿಂತ ತುಸು ಉದ್ದವಾಗಿ ಕತ್ತರಿಸುತ್ತೇನೆ. ಕಿಸೆಯನ್ನು ಎರಡು ಬೆರಳು ಮೇಲೆ ಕೂರಿಸುತ್ತೇನೆ. ಗೆರೆಗಳು ಮೇಲಿನಿಂದ ಕೆಳಕ್ಕೆ ನೇರ ಇಳಿಯಬೇಕು, ಎಲ್ಲೂ ಡೊಂಕಾಗಬಾರದು. ಇದನ್ನು ತೊಟ್ಟು ಅಂಗಡಿಯ ಬಾಗಿಲಲ್ಲಿ ನಿಂತರೆ, "ಟೈಲರ್ ಈ ವಯಸ್ಸಲ್ಲೂ ಎಷ್ಟು ನೆಟ್ಟಗಿದ್ದಾರೆ ನೋಡಿ" ಎಂದು ಬೀದಿಯೇ ಹೇಳುತ್ತಿತ್ತು. ಅಂಗಿಯೊಳಗೆ ಏನಿದೆ ಎಂಬುದು ನನ್ನ ಹೆಂಡತಿಗೆ ಮತ್ತು ಬಚ್ಚಲುಮನೆಯ ಕನ್ನಡಿಗೆ ಮಾತ್ರ ಗೊತ್ತಿತ್ತು. ಇಬ್ಬರಲ್ಲಿ ಬಾಯಿ ಮುಚ್ಚಿಕೊಂಡಿದ್ದದ್ದು ಕನ್ನಡಿ.

ಒಂದು ದಿನ ಹೆಡ್‌ಮೇಷ್ಟ್ರ ಪ್ಯಾಂಟಿನ ಉದ್ದ ಅಳೆಯಲೆಂದು ಮಂಡಿಯೂರಿ ಕುಳಿತೆ. ಅಳತೆ ಮುಗಿಯಿತು. ಏಳಲು ಹೋದೆ, ಆಗಲಿಲ್ಲ. ಮಂಡಿ ಒಂದು ಕಡೆ ಮುಷ್ಕರ ಹೂಡಿತು, ಉಸಿರು ಇನ್ನೊಂದು ಕಡೆ. ಹೆಡ್‌ಮೇಷ್ಟ್ರು ಪ್ರಾರ್ಥನೆಗೆ ನಿಂತವರಂತೆ ನೆಟ್ಟಗೆ ನಿಂತೇ ಇದ್ದರು.

"ಆಯ್ತಾ ಟೈಲರೇ?"

"ಆಗ್ತಾ ಇದೆ ಸಾರ್."

"ನನ್ನ ಕಾಲು ಅಷ್ಟೊಂದು ಉದ್ದ ಇಲ್ವಲ್ಲ?"

"ಸಾರ್, ಸ್ವಲ್ಪ ಕೈ ಕೊಡ್ತೀರಾ?"

ಅವರು ಎರಡೂ ಕೈ ಕೊಟ್ಟು ನನ್ನನ್ನು ಎಬ್ಬಿಸಿದರು. ಗುಂಡಿ ಹೊಲಿಯುತ್ತ ಒಳಗೆ ಕುಳಿತಿದ್ದ ನನ್ನ ಹೆಂಡತಿ ಪರದೆಯ ಸಂದಿಯಿಂದ ಎಲ್ಲವನ್ನೂ ನೋಡಿದಳು. ಸಂಜೆಗೆ ನಾನು ಡಾಕ್ಟರ ಮುಂದಿದ್ದೆ.

ಡಾಕ್ಟರು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳನ್ನು ನೋಡಿದರು, ನನ್ನ ಅಂಗಿಯನ್ನು ನೋಡಿದರು, ಮತ್ತೆ ಮುಳ್ಳನ್ನು ನೋಡಿದರು. "ಎಲ್ಲಿ ಇಟ್ಟಿದ್ದೀರಿ ಇಷ್ಟನ್ನೂ?" ಎಂದರು. ವೃತ್ತಿಜೀವನದಲ್ಲಿ ನನಗೆ ಸಿಕ್ಕ ಅತ್ಯುನ್ನತ ಪ್ರಶಸ್ತಿ ಅದು. ಆದರೆ ಸಂತೋಷಪಡಲು ಸಮಯ ಕೊಡಲಿಲ್ಲ. "ನಿಮ್ಮ ಮಂಡಿಗೆ ನಡಿಗೆ ಆಗಿಬರಲ್ಲ. ಈಜು ಶುರು ಮಾಡಿ. ನೀರಲ್ಲಿ ನಿಮ್ಮ ಭಾರ ನೀರೇ ಹೊರುತ್ತೆ."

ಮನೆಗೆ ಬರುವ ದಾರಿಯುದ್ದಕ್ಕೂ ಹೆಂಡತಿಯ ಜೊತೆ ಜಗಳ.

"ನಾಲ್ಕು ಜನರ ಮುಂದೆ ಬಟ್ಟೆ ಬಿಚ್ಚಿ ನಿಲ್ಲೋದಾ? ನಾನಾ?"

"ಮತ್ತೆ ಕೋಟು ಹಾಕ್ಕೊಂಡು ಇಳೀತೀರಾ?"

"ಗಿರಾಕಿಗಳು ನೋಡಿದ್ರೆ ಅಂಗಡಿಗೆ ಬೀಗ ಹಾಕ್ಬೇಕಾಗುತ್ತೆ ಕಣೇ. ತನ್ನ ಹೊಟ್ಟೆನೇ ಹೀಗಿಟ್ಕೊಂಡಿರೋನು ನಮಗೇನು ಹೊಲೀತಾನೆ ಅಂತಾರೆ."

"ರೀ, ನೆಲದಲ್ಲಿ ಕೂತು ಗಿರಾಕಿ ಕೈ ಹಿಡ್ಕೊಂಡು ಏಳೋ ಟೈಲರ್ ಹತ್ರ ಯಾರು ಬರ್ತಾರೆ, ಅದನ್ನ ಹೇಳಿ ಮೊದಲು."

ಈಜುಕೊಳದ ಮುಂಜಾನೆಯ ಮೊದಲ ತಂಡಕ್ಕೆ ಒಂದು ನರಪಿಳ್ಳೆಯೂ ಬರುವುದಿಲ್ಲವೆಂದು ಅವಳು ಆಣೆ ಮಾಡಿ ಹೇಳಿದಳು.

ಈಜುಕೊಳಕ್ಕೆ ನಾನು ಎರಡು ಟವೆಲ್ ಸುತ್ತಿಕೊಂಡು ಹೋದೆ. ಕಲಿಸುವವರು ಕೊರಳಲ್ಲಿ ಸೀಟಿ ನೇತುಹಾಕಿಕೊಂಡ ಗಟ್ಟಿ ದನಿಯ ಹೆಂಗಸು. ಎಲ್ಲರೂ ಅವರನ್ನು ಸೀಟಿ ಮೇಡಂ ಎನ್ನುತ್ತಿದ್ದರು. ಎಲ್ಲರೂ ಎಂದೆನಲ್ಲ, ಆ ಎಲ್ಲರಲ್ಲಿ ಇಬ್ಬರು ಆಗಲೇ ನೀರಿನಲ್ಲಿದ್ದರು. ಒಬ್ಬರು ವಕೀಲರು, ಇನ್ನೊಬ್ಬರು ಹೆಡ್‌ಮೇಷ್ಟ್ರು.

"ಸಾರ್, ಟವೆಲ್ ತೆಗೀರಿ," ಎಂದರು ಸೀಟಿ ಮೇಡಂ.

"ಇರಲಿ ಮೇಡಂ, ಚಳಿ."

"ಟವೆಲ್‌ಗೆ ಈಜು ಕಲಿಸಲ್ಲ ಸಾರ್ ನಾನು. ತೆಗೀರಿ."

ಮೊದಲನೆಯದನ್ನು ತೆಗೆದೆ. ಎರಡನೆಯದನ್ನೂ ತೆಗೆದೆ. ತುಟಿ ಒಣಗದಂತೆ ಹೊತ್ತುಗಟ್ಟಲೆ ವಾದಿಸುವ ವಕೀಲರು ಬಾಯಿ ತೆರೆದವರು ಮುಚ್ಚಲು ಮರೆತು ಒಂದು ಗುಟುಕು ನೀರು ಕುಡಿದರು. ನನ್ನ ವಂಶದ ವೃತ್ತಿ ಅಲ್ಲಿಗೆ ಸಮಾಪ್ತಿಯಾಯಿತೆಂದು ನನಗೆ ಖಾತ್ರಿಯಾಯಿತು. ಅಡಗಿಕೊಳ್ಳಲು ಬೇರೆ ಜಾಗವಿಲ್ಲದೆ ಸರಸರನೆ ಮೆಟ್ಟಿಲಿಳಿದು ಕತ್ತಿನವರೆಗೆ ನೀರಲ್ಲಿ ನಿಂತೆ. ಒಂದು ಕ್ಷಣದಲ್ಲಿ ಎಲ್ಲವೂ ಮಾಯ! ಒಂದೇ ಒಂದು ಹೊಲಿಗೆ ಇಲ್ಲದೆ ಇಷ್ಟು ಚೆನ್ನಾಗಿ ಮುಚ್ಚುವ ಬಟ್ಟೆಯನ್ನು ನಾನು ಅದುವರೆಗೆ ಮುಟ್ಟಿರಲಿಲ್ಲ.

ಪಾಠ ಮುಗಿಯಿತು. ಯಾರೂ ಮೇಲೆ ಬರಲಿಲ್ಲ. ನಾನು ಬರದಿದ್ದಕ್ಕೆ ಕಾರಣ ನಿಮಗೆ ಗೊತ್ತಿದೆ. ವಕೀಲರಿಗೆ ಹೆಡ್‌ಮೇಷ್ಟ್ರ ಮುಂದೆ ತಮ್ಮ ಭುಜ ಕಾಣಿಸುವುದು ಇಷ್ಟವಿರಲಿಲ್ಲ. ಹೆಡ್‌ಮೇಷ್ಟ್ರಿಗೆ ಎಲಾಸ್ಟಿಕ್ ಇಲ್ಲದ ತಮ್ಮ ಸ್ಥಿತಿಯನ್ನು ವಕೀಲರು ನೋಡುವುದು ಬೇಕಿರಲಿಲ್ಲ. ಮೂರು ತಲೆಗಳು ನೀರಿನ ಮೇಲೆ ತೇಲುತ್ತ ಒಂದನ್ನೊಂದು ಉಪಚರಿಸುತ್ತಿದ್ದವು.

"ನೀವು ಹೊರಡಿ ಮೇಷ್ಟ್ರೇ, ಸ್ಕೂಲಿಗೆ ಹೊತ್ತಾಯ್ತು."

"ಪರವಾಗಿಲ್ಲ ವಕೀಲರೇ, ಕೋರ್ಟು ಮುಖ್ಯ. ನೀವು ನಡೀರಿ."

"ಟೈಲರೇ, ನಿಮಗೆ ಅಂಗಡಿ ತೆಗೆಯೋದಿಲ್ವಾ?"

"ಇವತ್ತು ಕೆಲಸ ಕಮ್ಮಿ ಸಾರ್."

ಬೆರಳುಗಳು ಒಣದ್ರಾಕ್ಷಿಯಂತೆ ಸುಕ್ಕಾದವು. ಕೊನೆಗೆ ಸೀಟಿ ಮೇಡಂ, "ಹೆಂಗಸರ ಬ್ಯಾಚ್ ಬಾಗಿಲಲ್ಲಿದೆ, ಏಳ್ರಿ ಮೇಲೆ!" ಎಂದು ಕಿವಿ ಕಿತ್ತುಹೋಗುವಂತೆ ಊದಿದರು. ಮೂವರೂ ಒಟ್ಟಿಗೇ ಎದ್ದು, ಯಾರೂ ಯಾರನ್ನೂ ನೋಡದೆ, ಗೋಡೆಗೆ ಮುಖ ಮಾಡಿ ಏಡಿಗಳಂತೆ ಅಡ್ಡಡ್ಡ ಓಡಿದೆವು. ಗಡಿಬಿಡಿಯಲ್ಲಿ ನನ್ನ ಟವೆಲನ್ನು ವಕೀಲರು ಸುತ್ತಿಕೊಂಡು ಹೋದರು.

ಅಂದು ಅಂಗಡಿಯಲ್ಲಿ ಕುಳಿತು ಗಿರಾಕಿಗಳು ಬಟ್ಟೆ ವಾಪಸ್ ಕೇಳುವುದನ್ನು ಕಾಯುತ್ತಿದ್ದೆ. ಮರುದಿನ ವಕೀಲರು ಬಂದರು. ಜೊತೆಗೆ ಒಬ್ಬ ದಪ್ಪನೆಯ ಕಂಟ್ರಾಕ್ಟರ್.

"ನೋಡಿ ಇವರನ್ನ," ಎಂದರು ವಕೀಲರು, ನನ್ನನ್ನು ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಿದವರಂತೆ ಬೆರಳು ತೋರಿ. "ಏನಾದ್ರೂ ಕಾಣ್ತಿದೆಯಾ?"

"ಇಲ್ವಲ್ಲ."

"ಒಳಗೆ ಇಷ್ಟಿದೆ!" ವಕೀಲರು ಕಂಬವನ್ನು ತಬ್ಬಿಕೊಳ್ಳುವವರಂತೆ ಎರಡೂ ತೋಳು ಚಾಚಿದರು. "ಕಣ್ಣಾರೆ ನೋಡಿದ್ದೀನಿ. ಅಷ್ಟನ್ನ ಮುಚ್ಚಿರೋ ಮನುಷ್ಯನಿಗೆ ನಿಮ್ಮದು ಯಾವ ಲೆಕ್ಕ?"

ಕಂಟ್ರಾಕ್ಟರ್ ನನ್ನ ಸುತ್ತ ಒಂದು ಪ್ರದಕ್ಷಿಣೆ ಬಂದ. "ಸ್ವಲ್ಪ ಮುಟ್ಟಿ ನೋಡಬಹುದಾ?"

ಮುಟ್ಟಬಾರದು ಎನ್ನಲು ಬಾಯಿ ತೆರೆದೆ. ಪರದೆಯ ಹಿಂದಿನಿಂದ ಕೆಮ್ಮು ಕೇಳಿಸಿತು. ಅದು ನೆಗಡಿಯ ಕೆಮ್ಮಲ್ಲ, ಆಜ್ಞೆಯ ಕೆಮ್ಮು. ಮುಟ್ಟಿಸಿಕೊಂಡೆ. "ಅಬ್ಬಬ್ಬಾ!" ಎಂದ ಕಂಟ್ರಾಕ್ಟರ್, ಮಗನ ಮದುವೆಯ ಬಟ್ಟೆಯೆಲ್ಲ ನನಗೇ ಎಂದು ಹೇಳಿ ಹೋದ.

ಆಮೇಲೆ ಬಂದವರಿಗೆ ಲೆಕ್ಕವಿಲ್ಲ. ಬಂದವರೆಲ್ಲ ಮುಟ್ಟಿದರು. ಯಂತ್ರ ತುಳಿಯುತ್ತಿದ್ದವನನ್ನು ಎಬ್ಬಿಸಿ ಮುಟ್ಟಿದರು, ಪಕ್ಕಕ್ಕೆ ತಿರುಗಿ ಎಂದು ಹೇಳಿ ಮುಟ್ಟಿದರು. ಹೆಂಡತಿಗೋ ಸಂಭ್ರಮ. "ನೋಡಿದ್ರಾ, ನಾನು ಕಳಿಸಿದ್ದಕ್ಕೆ!" ನನ್ನ ಕೈಚಳಕ ನೋಡಲು ಬಂದವರು ಅದನ್ನು ನೋಡದೆ, ಅದರ ಹಿಂದಿರುವುದನ್ನು ತಟ್ಟಿ ಹೋಗುತ್ತಿದ್ದರೆ ಯಾವ ಕಲಾವಿದನಿಗೆ ಸಹನೆ ಇರುತ್ತದೆ ಹೇಳಿ?

ಆದರೆ ಬೆಳಗಿನ ಹೊತ್ತು ಬೇರೆಯೇ ಆಗುತ್ತಾ ಬಂತು. ಒಂದು ದಿನ ಅಂಗಾತ ತೇಲುವುದನ್ನು ಕಲಿಸುತ್ತಿದ್ದ ಸೀಟಿ ಮೇಡಂ ನನ್ನ ಬೆನ್ನಡಿಯ ಕೈ ತೆಗೆದದ್ದು ನನಗೆ ಗೊತ್ತೇ ಆಗಲಿಲ್ಲ. ಹೊಟ್ಟೆ ದ್ವೀಪದಂತೆ ನೀರಿನ ಮೇಲೆ ಎದ್ದಿತ್ತು, ನಾನು ಅದಕ್ಕೆ ಕಟ್ಟಿದ ದೋಣಿಯಂತೆ ಹಿಂದೆ ತೇಲುತ್ತಿದ್ದೆ. ಕಿವಿಯಲ್ಲಿ ನೀರು ತುಂಬಿ ಪ್ರಪಂಚದ ಸದ್ದೆಲ್ಲ ನಿಂತಿತ್ತು. (ಹೆಂಡತಿಯ ಕೆಮ್ಮು ಕೂಡ.) ಮುಂದೆ ಕೈ ಬೀಸುವುದು ಬಂತು, ಉಸಿರು ಹಿಡಿಯುವುದು ಬಂತು. ಕೊಳದ ಆ ತುದಿಯನ್ನು ಮೊದಲ ಸಲ ಮುಟ್ಟಿದ ದಿನ ಹೆಡ್‌ಮೇಷ್ಟ್ರು ಶಿಸ್ತು ಮರೆತು ಶಿಳ್ಳೆ ಹೊಡೆದರು. ಮಂಡಿ ಮಾತು ಕೇಳತೊಡಗಿತು. ಗಿರಾಕಿಯ ಕಾಲ ಬಳಿ ಕುಳಿತವನು ಸ್ಪ್ರಿಂಗಿನಂತೆ ಏಳುತ್ತಿದ್ದೆ.

ಇನ್ನೊಂದು ದಿನ ಸ್ನಾನದ ಕೋಣೆಗೆ ಬಂದಮೇಲೆ ನೆನಪಾಯಿತು: ಟವೆಲನ್ನು ಕೊಳದ ಬಳಿಯೇ ಬಿಟ್ಟುಬಂದಿದ್ದೆ. ಅಷ್ಟು ದೂರ, ಈ ನಡುವೆ ಬೆಳೆದಿದ್ದ ತಂಡದ ಅಷ್ಟು ಜನರ ಮಧ್ಯೆ, ಬರಿ ಚಡ್ಡಿಯಲ್ಲಿ ವಕೀಲರ ಜೊತೆ ಮಾತಾಡುತ್ತ ನಡೆದು ಬಂದಿದ್ದೆ. ಯಾರೂ ನೋಡಿರಲಿಲ್ಲ, ಅಥವಾ ಎಲ್ಲರೂ ನೋಡಿದ್ದರು, ನನಗೆ ಮಾತ್ರ ಅದರ ಪರಿವೆ ಇರಲಿಲ್ಲ. ಬಟ್ಟೆಯಿಲ್ಲದ ನನ್ನ ಮೈ ಕೂಡ ನನ್ನದೇ ಎಂದು ಅನ್ನಿಸಿದ್ದು ಅವತ್ತು.

ಈ ನಡುವೆ ಹೊಟ್ಟೆ ಸದ್ದಿಲ್ಲದೆ ಕರಗಿತು. ಅಂಗಿಗಳನ್ನೆಲ್ಲ ಬಿಚ್ಚಿ ಚಿಕ್ಕದು ಮಾಡಿದೆ. ಹೊಸ ಅಳತೆಯ ಅಂಗಿಯಲ್ಲಿ ಅಂಗಡಿಯ ಬಾಗಿಲಲ್ಲಿ ನಿಂತಿದ್ದಾಗ ಒಬ್ಬ ಅಪರಿಚಿತ ಬಂದ.

"ಆ ಹೊಟ್ಟೆ ಇರೋ ಟೈಲರ್ ಅಂಗಡಿ ಇದೇನಾ?"

"ನಾನೇ ಸಾರ್, ಬನ್ನಿ."

ಅವನು ಮೇಲಿಂದ ಕೆಳಗೆ ನೋಡಿದ. "ಹೊಟ್ಟೆ?"

"ಈಜಿ ಕರಗಿಸಿದೆ," ಎಂದೆ, ಹೆಮ್ಮೆಯಿಂದ.

"ಓ," ಎಂದ ಆತ, ಸಾವಿನ ಸುದ್ದಿ ಕೇಳಿದವನಂತೆ. "ಈಗ ನಿಮ್ಮ ಮೈಗೆ ಗೋಣಿಚೀಲ ಹಾಕಿದ್ರೂ ಒಪ್ಪುತ್ತೆ ಬಿಡಿ." ಬಟ್ಟೆಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೇಹೋದ. ನನ್ನ ಮೈಕಟ್ಟನ್ನು ಜೀವನದಲ್ಲಿ ಮೊದಲ ಸಲ ಒಬ್ಬರು ಹೊಗಳಿದ್ದರು. ಹೊಗಳಿದವರು ಗಿರಾಕಿಯಾಗಿ ಉಳಿಯಲಿಲ್ಲ.

ಒಬ್ಬರಾದ ಮೇಲೆ ಒಬ್ಬರು ಹೀಗೇ ಬಂದರು, ಹೀಗೇ ಹೋದರು. ವಕೀಲರು ಕೆಂಡವಾದರು. "ನಾನು ಊರಿಗೆಲ್ಲ ಹೇಳಿಟ್ಟಿದ್ದೀನಿ, ಈಗ ಸುಳ್ಳುಗಾರ ಆದೆ. ಸಾಕ್ಷಿನೇ ನಾಶ ಮಾಡಿಬಿಟ್ರಲ್ಲ ಟೈಲರೇ!"

ಕೋಟು ನೇತುಹಾಕುವ ಸರಳು ಬೋಳಾಯಿತು. ಒಂದು ಮಧ್ಯಾಹ್ನ ಹೆಂಡತಿ ಪರದೆ ಸರಿಸಿ ಬಂದಳು.

"ಸ್ವಲ್ಪ ದಿನ ಈಜು ಬಿಡಿ. ಚೆನ್ನಾಗಿ ತಿನ್ನಿ."

"ನೀನೇ ಅಲ್ವೇನೇ ಕಳಿಸಿದ್ದು?"

"ಮಂಡಿಗೆ ಅಂತ ಕಳಿಸಿದ್ದು ರೀ. ಹೊಟ್ಟೆ ಕರಗಿಸ್ಕೊಂಡು ಬನ್ನಿ ಅಂದಿದ್ನಾ?"

"ನೋಡು, ಅಂಗಡಿ ಬೇಕಾದ್ರೆ ಬಿಡ್ತೀನಿ. ಈಜು ಬಿಡಲ್ಲ."

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಈಜಿದವರ ಶ್ವಾಸಕೋಶಕ್ಕೆ ಶಕ್ತಿ ಬರುತ್ತದೆ ಎಂದು ಡಾಕ್ಟರು ಹೇಳಿದ್ದು ಸುಳ್ಳಲ್ಲ. ಹಟ ಹಿಡಿದಿದ್ದೇನೆ ಎಂದು ಹೆಂಡತಿಗೆ ಗೊತ್ತಾಯಿತು.

"ಹಾಗಾದ್ರೆ ಒಂದು ಹೊಲ್ಕೊಳ್ಳಿ."

"ಏನನ್ನ?"

"ಹೊಟ್ಟೇನ."

ನಾನು ಉರಿದುಬಿದ್ದೆ. ಮೂರು ದಿನ ಅವಳ ಹತ್ತಿರ ಮಾತು ಬಿಟ್ಟೆ. ನಾಲ್ಕನೆಯ ದಿನ, ಗಿರಾಕಿಯಿಲ್ಲದ ಅಂಗಡಿಯಲ್ಲಿ ಕೈ ಸುಮ್ಮನಿರಲಾರದೆ, ಕ್ಯಾನ್ವಾಸ್ ಬಟ್ಟೆಯನ್ನು ಎಳೆದು ಸೀಮೆಸುಣ್ಣದಲ್ಲಿ ಗುಂಡಗೆ ಗೆರೆ ಹಾಕಿದೆ. ಹೊಟ್ಟೆಪಾಡು ಎಂದರೆ ಇದೇ ಇರಬೇಕು.

ಬದುಕೆಲ್ಲ ಹೊಟ್ಟೆ ಕಾಣದಂತೆ ಹೊಲಿದವನಿಗೆ ಹೊಟ್ಟೆಯನ್ನೇ ಹೊಲಿಯುವುದು ಎಷ್ಟು ಕಷ್ಟವೆಂದು ನಿಮಗೆ ತಿಳಿಯದು. ಮೊದಲ ಟ್ರಯಲ್‌ಗೆ ಹೆಂಡತಿ ತಲೆಯಾಡಿಸಿದಳು.

"ಇದು ದಿಂಬು. ನಿಮ್ಮದು ಹೀಗಿರಲಿಲ್ಲ. ಎಡಗಡೆ ಸ್ವಲ್ಪ ಹೆಚ್ಚಿತ್ತು. ಕೂತ್ರೆ ತೊಡೆ ಮೇಲೆ ಒರಗ್ತಿತ್ತು."

"ನಿನಗೆ ಹೇಗೆ ಗೊತ್ತು ಇಷ್ಟೆಲ್ಲ?"

"ಇಷ್ಟು ವರ್ಷ ನೋಡಿದ್ದು ಯಾರು, ಪಕ್ಕದ ಮನೆಯವಳಾ?" ಎಂದು ಅವಳು ಎಡಗಡೆ ಹತ್ತಿ ತುರುಕಿದಳು. ನೋಡುತ್ತ ನೋಡುತ್ತ ಅವಳ ಮುಖ ಮೆತ್ತಗಾಯಿತು. ಹಳೆಯ ಪರಿಚಯದವರು ಮನೆಗೆ ಬಂದಂತೆ ಅದನ್ನು ತಟ್ಟಿದಳು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಹಳೆಯ ಅಳತೆಯ ಅಂಗಿ ಹೊಲಿದು ಅದರ ಮೇಲೆ ತೊಟ್ಟೆ. ಗೆರೆಗಳು ನೇರ ಇಳಿದವು, ಎಲ್ಲೂ ಏನೂ ಕಾಣಲಿಲ್ಲ. ವಕೀಲರು ಗಿರಾಕಿಗಳನ್ನು ಕರೆತಂದು ತೋಳು ಚಾಚಿದರು, ಗಿರಾಕಿಗಳು ಮುಟ್ಟಿ "ಅಬ್ಬಬ್ಬಾ" ಎಂದರು. ಬೆಳಿಗ್ಗೆ ಮೀನಿನಂತೆ ಈಜಿ, ಹಗುರಾಗಿ ಮನೆಗೆ ಬಂದು, ಹೊಟ್ಟೆ ಕಟ್ಟಿಕೊಂಡು, ಅದು ಕಾಣದಂತೆ ಅಂಗಿ ತೊಟ್ಟು, ಸೆಕೆಯಲ್ಲಿ ಬೆವರುತ್ತ ಕುಳಿತುಕೊಳ್ಳುವುದು ನನ್ನ ದಿನಚರಿಯಾಯಿತು. ಆದರೂ ಒಂದು ಸಮಾಧಾನವಿತ್ತು. ಅಂಗಿಯ ಕಟಿಂಗ್ ನನ್ನದೇ ತಾನೇ? ನನ್ನ ವಿದ್ಯೆಗೆ ಬೆಲೆ ಉಳಿದಿದೆ ತಾನೇ?

ಹೋದ ವಾರ ಹೆಡ್‌ಮೇಷ್ಟ್ರು ಬಂದರು. ದಿನವೂ ಕೊಳದಲ್ಲಿ ನೋಡುವವರಾದ್ದರಿಂದ ಅವರಿಂದ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಒಳಗೆ ಬಂದವರೇ ಅಂಗಡಿಯ ಬಾಗಿಲು ಮುಂದೆ ಮಾಡಿದರು. ಈಜಿ ಈಜಿ ಅವರೂ ಕಡ್ಡಿಯಾಗಿದ್ದರು.

"ಟೈಲರೇ, ಹುಡುಗರು ಹೆದರ್ತಾ ಇಲ್ಲ," ಎಂದರು ಮೆಲ್ಲಗೆ. "ಮುಂಚೆ ನಾನು ವರಾಂಡದಲ್ಲಿ ಬಂದ್ರೆ ದಾರಿ ಬಿಡೋರು. ಈಗ ಪಕ್ಕದಲ್ಲೇ ನುಗ್ಗಿ ಹೋಗ್ತಾರೆ. ನನಗೂ ಒಂದು ಬೇಕು."

"ಒಳ್ಳೆ ಕೋಟು ಹೊಲಿದುಕೊಡ್ತೀನಿ ಸಾರ್. ಭುಜ ಸ್ವಲ್ಪ ಅಗಲ ಮಾಡಿ, ಕಾಲರ್ ಎತ್ತಿಟ್ರೆ..."

"ಕೋಟು ಬೇಡ ರೀ." ಅವರು ಕೈ ನೀಡಿ ನನ್ನ ಹೊಟ್ಟೆಯನ್ನು ಎರಡು ಸಲ, ಪರೀಕ್ಷೆಯ ಪತ್ರಿಕೆ ತಿದ್ದುವವರ ಗಾಂಭೀರ್ಯದಿಂದ, ಒತ್ತಿ ನೋಡಿದರು. "ನಾನು ನಿಮ್ಮ ಹತ್ರ ಎಷ್ಟು ವರ್ಷದಿಂದ ಹೊಲಿಸ್ತಿದ್ದೀನಿ. ನಿಜ ಹೇಳ್ಲಾ? ನಿಮ್ಮ ಕೈಯಲ್ಲಿ ಇದುವರೆಗೆ ಆಗಿರೋ ಕೆಲಸದಲ್ಲೆಲ್ಲ ಇದೊಂದೇ ಸರಿಯಾಗಿ ಬಂದಿರೋದು."

ಪರದೆಯ ಹಿಂದಿನಿಂದ ಒಂದು ಕೈ ಹೊರಗೆ ಬಂದು ನನಗೆ ಅಳತೆಯ ಟೇಪು ಕೊಟ್ಟಿತು.