ಹಾಗನ್ ಕೊಟ್ಟ ರೀಮರ್

ಮೊಂಟಾನಾದ ಆ ಸಣ್ಣ ಊರಿನಲ್ಲಿ ಸ್ವಂತ ರೈಫಲ್ ಇಲ್ಲದವನೆಂದರೆ ಲೈಲ್ ಒಬ್ಬನೇ. ಆರು ವರ್ಷದಿಂದ ಅವನು ಬೇಟೆಗೆ ಹೋಗುತ್ತಿದ್ದುದು ಮುದುಕ ಹಾಗನ್‌ನ ರೈಫಲ್ ಎರವಲು ತಂದು. ಬಾಡಿಗೆಯೇನೂ ಇಲ್ಲ, ಹಾಗನ್ ಎಂಬತ್ತೇಳನೇ ಇಸವಿಯಲ್ಲಿ ಹೊಡೆದ ಕಡವೆಯ ಕತೆಯನ್ನು ಪೂರ್ತಿ ಕೇಳಬೇಕು, ಅಷ್ಟೆ. ಎರಡೂವರೆ ಗಂಟೆಯ ಕತೆ. ವರ್ಷ ವರ್ಷಕ್ಕೂ ಕಡವೆ ಒಂದೊಂದು ಗೇಣು ಬೆಳೆಯುತ್ತಿತ್ತು.

ಈ ಸಲ ಆ ಕತೆಯಿಂದ ಪಾರಾಗಲೇಬೇಕೆಂದು ಲೈಲ್ ಗ್ಯಾರೇಜಿನ ಲೇತಿನಲ್ಲಿ ತನ್ನದೇ ರೈಫಲ್ ಮಾಡುತ್ತಿದ್ದ. ಹೊಸ ನಳಿಗೆಗೆ ಥ್ರೆಡ್ ಹಾಕಿಯಾಗಿತ್ತು. ತೋಟಾ ಕೂರುವ ಗೂಡನ್ನು ಅದೇ ಅಳತೆಗೆ ಕೊರೆಯುವ ರೀಮರ್ ಎಂಬ ಉಳಿಯಿಂದ ಕೊರೆದರೆ ಮುಗಿಯಿತು. ನಾಳೆ ಬೆಳಿಗ್ಗೆ ಬೇಟೆಯ ಸೀಸನ್ ಶುರು.

ಪಕ್ಕದ ಮನೆಯ ರಾಯ್ಸ್ ಕಾಫಿ ಲೋಟ ಹಿಡಿದು ಬಂದ.

"ಎಣ್ಣೆ ಸಾಲ್ದು ಕಣೋ."

"ಸುಮ್ನೆ ಕೂತ್ಕೋ ಮಾರಾಯ."

"ಕೂತ್ಕೊಂಡೇ ಹೇಳ್ತಿದೀನಿ, ಸಾಲ್ದು," ಎಂದು ರಾಯ್ಸ್ ತಾನೇ ಎಣ್ಣೆ ಡಬ್ಬಿಗೆ ಕೈಚಾಚಿದ. ಮೊಣಕೈ ತಾಗಿ ರೀಮರ್ ಸಿಮೆಂಟು ನೆಲಕ್ಕೆ ಬಿತ್ತು. ಎತ್ತಿ ನೋಡಿದರೆ ಅದರ ಅಂಚು ಮುದುಕಿಯ ಬಾಯಿಯಂತೆ ಬೊಚ್ಚಾಗಿತ್ತು.

"ಹಾಗನ್ ಹತ್ರ ಒಂದಿದೆ," ಎಂದ ರಾಯ್ಸ್, ತಪ್ಪೆಲ್ಲ ನೆಲದ್ದೇ ಎಂಬಂತೆ.

ಬೇರೆ ದಾರಿಯಿರಲಿಲ್ಲ. ಲೈಲ್ ಹೋಗಿ ಕೇಳಿದ, "ಮೂವತ್ತು ಕ್ಯಾಲಿಬರ್ ತೋಟಾದ ರೀಮರ್ ಬೇಕಿತ್ತು. ಸಂಜೆಗೇ ವಾಪಸ್ ತರ್ತೀನಿ."

ಹಾಗನ್ ಮರದ ಪೆಟ್ಟಿಗೆಯೊಂದನ್ನು ತಂದ. "ಅಳತೆ ಗೇಜೂ ಇದರಲ್ಲೇ ಇದೆ. ಕೂತ್ಕೋಪ್ಪ. ಎಂಬತ್ತೇಳರಲ್ಲಿ ಹಿಮ ಮೊಣಕಾಲುದ್ದ ಬಿದ್ದಿತ್ತು..."

"ಒಲೆ ಮೇಲೆ ಸೂಪ್ ಇಟ್ಟು ಬಂದಿದೀನಿ," ಎಂದವನೇ ಲೈಲ್ ಪೆಟ್ಟಿಗೆ ಕಸಿದುಕೊಂಡು ಓಡಿದ.

ಆಮೇಲೆ ಕೂದಲೆಳೆಯಷ್ಟು ಕೊರೆಯುವುದು, ಒರೆಸುವುದು, ಗೇಜು ಹಾಕಿ ನೋಡುವುದು. ರಾಯ್ಸನನ್ನು ಹೊರಗೆ ಹಾಕಿದ್ದರೂ ಅವನು ಕಿಟಕಿಯಿಂದ ಸಲಹೆ ಕೊಡುತ್ತಲೇ ಇದ್ದ. ನಾಲ್ಕು ಗಂಟೆಗೆ ಹಾಗನ್‌ನ ಗೇಜಿನ ಮೇಲೆ ರೈಫಲಿನ ಬೋಲ್ಟ್ ನುಣ್ಣಗೆ ಮುಚ್ಚಿಕೊಂಡಿತು, ಅಂದರೆ ಗೂಡಿನ ಅಳತೆ ಸರಿಯಾಗಿತ್ತು. ಲೈಲ್‌ಗೆ ಅಳುವಷ್ಟು ಸಂತೋಷವಾಯಿತು. ಅಂಗಡಿಯಿಂದ ತಂದಿಟ್ಟಿದ್ದ ತೋಟಾ ಹಾಕಿ ನೋಡಿದ. ಅರ್ಧಕ್ಕೇ ನಿಂತಿತು. ಇನ್ನೊಂದು ಹಾಕಿದ. ಅದೂ ಅಷ್ಟೇ.

ಪೆಟ್ಟಿಗೆ ಹಿಡಿದು ಹಾಗನ್‌ನ ಬಾಗಿಲಿಗೆ ಓಡಿದ.

"ಅಂಗಡಿ ತೋಟಾ ಹೇಗೆ ಹೋಗುತ್ತೆ?" ಎಂದ ಹಾಗನ್. "ಅದು ನಾನೇ ಅಳತೆ ಹಾಕಿ ಕಂಡುಹಿಡಿದ ತೋಟಾದ ರೀಮರ್. ಹೇಳೋಣ ಅಂದ್ರೆ ಸೂಪ್ ಅಂದೆ, ಓಡ್ದೆ."

"ಆ ತೋಟಾ ಎಲ್ಲಿ ಸಿಗುತ್ತೆ?"

"ಈ ಪ್ರಪಂಚದಲ್ಲಾ? ನನ್ನ ಅಡುಗೆಮನೇಲಿ. ಹಳೇ ಖಾಲಿ ಹಿತ್ತಾಳೆ ತೋಟಾನ ಒಂದೊಂದಾಗಿ ಒತ್ತಿ ತಿದ್ದಿ ಮಾಡ್ಬೇಕು. ಇಪ್ಪತ್ತು ಮಾಡೋಕೆ ಎರಡೂವರೆ ಗಂಟೆ ಹಿಡಿಯುತ್ತೆ. ಪ್ರತಿ ವರ್ಷ ಬಾ, ಮಾಡ್ಕೊಡ್ತೀನಿ."

ಹಾಗನ್ ಕುರ್ಚಿ ಎಳೆದು ಕೊಟ್ಟ.

"ಕೂತ್ಕೋಪ್ಪ. ಎಂಬತ್ತೇಳರಲ್ಲಿ ಹಿಮ ಸೊಂಟದುದ್ದ ಬಿದ್ದಿತ್ತು..."