ನಕಲು ಹೊಡೆದ ಆವಿ

ದ್ರವವನ್ನು ನೋಡಿಕೊಂಡು ಆವಿ ನಕಲು ಹೊಡೆದಿರುವ ವಿಷಯ ಕಾಲೇಜಿನ ಸಮಿತಿಯ ಗಮನಕ್ಕೆ ಬಂದದ್ದು ಒಂದು ಬುಧವಾರ, ಊಟದ ಬಿಡುವಿಗೆ ಸ್ವಲ್ಪ ಮೊದಲು. ಪತ್ತೆ ಹಚ್ಚಿದ ಕೀರ್ತಿ ಪರೀಕ್ಷಾಧಿಕಾರಿಗಳಿಗೇ ಸಲ್ಲತಕ್ಕದ್ದು.

ರಸಾಯನ ವಿಭಾಗದ ಹಂಗಾಮಿ ಮೇಡಂ ಕಂಪ್ಯೂಟರಿನಲ್ಲಿ ಒಂದು ಚಿತ್ರ ಮಾಡಿದ್ದರು. ಆಲ್ಕೋಹಾಲು ಬೆರೆತ ನೀರು ಎಷ್ಟು ಕಾವಿನಲ್ಲಿ ಕುದಿಯುತ್ತದೆ, ಆಗ ಏಳುವ ಆವಿಯಲ್ಲಿ ಯಾವುದು ಎಷ್ಟಿರುತ್ತದೆ ಎಂದು ತೋರಿಸುವ ಚಿತ್ರ. ನೀಲಿ ಗೆರೆ ದ್ರವದ್ದು, ಅದರ ಮೇಲಿನ ಕೆಂಪು ಗೆರೆ ಆವಿಯದ್ದು. ಮೌಸ್ ಹಿಡಿದು ತಿರುಗಿಸಿದರೆ ಎರಡೂ ಒಣಹಾಕಿದ ಬಟ್ಟೆಗಳಂತೆ ಹರಡಿಕೊಳ್ಳುತ್ತಿದ್ದವು. ಕೊನೇ ಬೆಂಚಿನವರೂ ಮೊಬೈಲ್ ಕೆಳಗಿಟ್ಟು ನೋಡಿದ್ದರು. ಎರಡು ತುದಿಗಳನ್ನು ಬಿಟ್ಟರೆ, ಆಲ್ಕೋಹಾಲು ನೂರಕ್ಕೆ ತೊಂಬತ್ತಾರರ ಹತ್ತಿರ ಬಂದಾಗ ಮಾತ್ರ ಗೆರೆಗಳು ಒಂದನ್ನೊಂದು ತಾಗುತ್ತಿದ್ದವು. ಅಲ್ಲಿಂದಾಚೆ ಎಷ್ಟು ಕುದಿಸಿದರೂ ಉಳಿದ ನೀರು ಬೇರೆಯಾಗದು. ಆ ಒಂದು ಜಾಗವನ್ನು ಮಕ್ಕಳ ಕಣ್ಣಿಗೆ ಕಾಣಿಸಲೆಂದೇ ಮೇಡಂ ಇಷ್ಟೆಲ್ಲ ಪಾಡುಪಟ್ಟಿದ್ದರು. ಸಮಿತಿ ಚಿತ್ರವನ್ನು ಒಪ್ಪಿದರೆ ಅವರ ಕೆಲಸವೂ ಖಾಯಂ ಆಗುವುದಿತ್ತು.

"ಇಲ್ಲಿ ಯಾಕೆ ಇಬ್ಬರೂ ಅಂಟಿಕೊಂಡು ಕೂತಿದಾರೆ?" ಎಂದರು ಪರೀಕ್ಷಾಧಿಕಾರಿಗಳು, ಗೆರೆಗಳು ತಾಗಿದ ಜಾಗಕ್ಕೆ ಬೆರಳಿಟ್ಟು.

"ಅಲ್ಲಿ ದ್ರವದಲ್ಲಿ ಎಷ್ಟು ಆಲ್ಕೋಹಾಲ್ ಇದೆಯೋ ಆವಿಯಲ್ಲೂ ಅಷ್ಟೇ ಇರುತ್ತೆ ಸಾರ್."

"ಅಂದ್ರೆ ಇಬ್ಬರ ಉತ್ತರವೂ ಒಂದೇ."

"ಹೌದು ಸಾರ್."

"ದಶಮಾಂಶದ ಸಮೇತ?"

"ದಶಮಾಂಶದ ಸಮೇತ."

ಪರೀಕ್ಷಾಧಿಕಾರಿಗಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಯಾರು ಯಾರದನ್ನ ನೋಡಿ ಬರೆದದ್ದು?"

"ಯಾರೂ ನೋಡಿ ಬರೆದಿಲ್ಲ ಸಾರ್. ಅದರ ಸ್ವಭಾವವೇ ಹಾಗೆ."

"ಸಿಕ್ಕಿಬಿದ್ದವರೆಲ್ಲ ಹಾಗೇ ಹೇಳೋದು."

ಪ್ರಿನ್ಸಿಪಾಲರು ಮೆತ್ತಗೆ ಗಂಟಲು ಸರಿಮಾಡಿಕೊಂಡರು. "ಸ್ವಲ್ಪ ದೂರ ಕೂರಿಸಿಬಿಡಿ ತಾಯಿ, ಯಾಕೆ ರಗಳೆ? ನಿಮ್ಮ ಫೈಲು ನನ್ನ ಟೇಬಲ್ ಮೇಲೇ ಇದೆ."

ಮಾರನೆಯ ದಿನ ಪ್ರಕಟಣೆ ಹೊರಬಿತ್ತು: "ಇನ್ನು ಮುಂದೆ ದ್ರವ ಮತ್ತು ಆವಿಯ ನಡುವೆ, ಪರೀಕ್ಷಾ ಕೊಠಡಿಯ ಬೆಂಚುಗಳಿಗೆ ಅನ್ವಯವಾಗುವ ಅಂತರವನ್ನೇ ಕಾಪಾಡತಕ್ಕದ್ದು. ತಪ್ಪಿದ ಮಿಶ್ರಣವನ್ನು ಯಾವುದೇ ಮುನ್ಸೂಚನೆ ನೀಡದೆ ಹೊರಹಾಕಲಾಗುವುದು."

ಮೇಡಂ ಮೌಸ್ ಹಿಡಿದು ಕೆಂಪು ಗೆರೆಯನ್ನು ಬೆರಳಗಲ ಮೇಲಕ್ಕೆಳೆದರು. ಈಗ ಚಿತ್ರದ ಪ್ರಕಾರ ಆಲ್ಕೋಹಾಲು ಎಲ್ಲೂ ನಿಲ್ಲದೆ ನೂರಕ್ಕೆ ನೂರು ಶುದ್ಧವಾಗುತ್ತಿತ್ತು. ಸಂಜೆ ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾದಿದ್ದರು.

"ಏನಾಯ್ತಮ್ಮ?"

"ಖಾಯಂ ಆಗುತ್ತೆ ಅತ್ತೆ."

"ಮತ್ತೆ ಮುಖ ಯಾಕೆ ಹಿಂಗೆ ಮಾಡ್ಕೊಂಡಿದೀಯ?"

ಮೇಡಂ ಕಾಲು ತೊಳೆಯಲು ಹೋದರು.

ಲ್ಯಾಬಿನಲ್ಲಿ ಕುದಿಯುತ್ತಿದ್ದ ಮಿಶ್ರಣಕ್ಕೆ ಪ್ರಕಟಣೆ ತಲುಪಿರಲಿಲ್ಲ. ಅದು ಎಂದಿನಂತೆ ತೊಂಬತ್ತಾರರ ಹತ್ತಿರವೇ ನಿಂತಿತು. ಪ್ರಾಯೋಗಿಕ ಪರೀಕ್ಷೆಯಲ್ಲಿ ಮಕ್ಕಳು ಕಣ್ಣಾರೆ ಕಂಡದ್ದನ್ನೇ ಬರೆದರು. ಚಿತ್ರಕ್ಕೆ ಹೊಂದದ ಕಾರಣ ಎಲ್ಲರೂ ಫೇಲಾದರು. ಸಮಿತಿ ಮತ್ತೆ ಸೇರಿ, ಮಿಶ್ರಣವು ಎಚ್ಚರಿಕೆಯ ನಂತರವೂ ನಕಲು ಮುಂದುವರಿಸಿದೆಯೆಂದು ದಾಖಲಿಸಿ, ಅದನ್ನು ಸಿಂಕಿಗೆ ಸುರಿಸಿ, ಲ್ಯಾಬಿಗೆ ಬೀಗ ಹಾಕಿಸಿತು. ಮರುಪರೀಕ್ಷೆಯನ್ನು ಕಂಪ್ಯೂಟರಿನ ಚಿತ್ರದ ಮೇಲೆಯೇ ನಡೆಸುವುದೆಂದು ತೀರ್ಮಾನವಾಯಿತು.

ಪರೀಕ್ಷೆಯ ದಿನ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ನಿಜವಾಗ್ಲೂ ಅದು ಎಲ್ಲಿ ನಿಲ್ಲುತ್ತೆ?"

ಮೇಡಂ ಬಾಗಿಲ ಕಡೆ ನೋಡಿದರು. ಪರೀಕ್ಷಾಧಿಕಾರಿಗಳು ಅಲ್ಲೇ ಕೈಕಟ್ಟಿ ನಿಂತಿದ್ದರು.

"ಎಲ್ಲೂ ನಿಲ್ಲಲ್ಲಮ್ಮ. ಬರಿ," ಎಂದರು ಮೇಡಂ.

ಹುಡುಗಿ ಅವರ ಮುಖವನ್ನೇ ಒಂದು ಗಳಿಗೆ ನೋಡಿ, ಕೂತು ಬರೆದಳು. ಇಡೀ ತರಗತಿಯ ಉತ್ತರ ಒಂದೇ ಆಗಿತ್ತು, ದಶಮಾಂಶದ ಸಮೇತ. ಪರೀಕ್ಷಾಧಿಕಾರಿಗಳು ಉತ್ತರ ಪತ್ರಿಕೆಗಳನ್ನು ಒಂದೊಂದಾಗಿ ತಿರುವಿ ನೋಡಿ, ಎಲ್ಲಿಯೂ ನಕಲು ಕಂಡುಬಂದಿಲ್ಲವೆಂದು ಬರೆದು ಸಹಿ ಹಾಕಿದರು. ಅದರ ಕೆಳಗೆ ಮೇಡಂ ಸಹಿ ಹಾಕಿದರು. ಖಾಯಂ ಆದ ಮೇಲೆ ಅದೇ ಅವರ ಮೊದಲ ಸಹಿ.